ಉಣ್ಣಿ ಕೇಳಿದ ಸದ್ದು

ಗಾಡಿಗಳಿಗೆ ಬಾಯಿ ಬಂದರೆ ಮೊದಲು ಯಾರ ಮೇಲೆ ದೂರು ಹೇಳುತ್ತವೆ? ಮೋಟಾರು ವಾಹನ ನಿರೀಕ್ಷಕ ಗುರುಮಲ್ಲಪ್ಪನವರು ಕೆಲಸಕ್ಕೆ ಹೊಸದಾಗಿ ಸೇರಿದವರನ್ನೆಲ್ಲ ಈ ಪ್ರಶ್ನೆ ಕೇಳಿ ಪೇಚಿಗೆ ಸಿಕ್ಕಿಸುತ್ತಿದ್ದರು. ಮಾಲೀಕನ ಮೇಲೆ, ಡ್ರೈವರ್ ಮೇಲೆ, ರಸ್ತೆಗುಂಡಿಯ ಮೇಲೆ ಎಂದು ಅವರು ಒಂದೊಂದೇ ಹೇಳಿ ಸೋತ ಮೇಲೆ, “ನಮ್ಮ ಮೇಲೆ ಕಣ್ರಯ್ಯ. ನೋಡದೆ ಸಹಿ ಹಾಕ್ತೀವಲ್ಲ, ನಮ್ಮ ಮೇಲೆ” ಎಂದು ತಾವೇ ಉತ್ತರ ಕೊಟ್ಟು ನಗುತ್ತಿದ್ದರು. ಮೂವತ್ತೊಂದು ವರ್ಷ ಮೈಸೂರಿನ ಬಿಸಿಲಲ್ಲಿ ನಿಂತು ಗಾಡಿಗಳ ಯೋಗ್ಯತೆ ಅಳೆದವರು ಅವರು. ಅಷ್ಟು ವರ್ಷದಲ್ಲಿ ಗಾಡಿಗಳಿಗೆ ಬಾಯಿಯಂತೂ ಬರಲಿಲ್ಲ. ಅವರ ನಿವೃತ್ತಿಗೆ ಎರಡು ವರ್ಷ ಇರುವಾಗ ಕಿವಿ ಬಂತು.

ಕಿವಿಯ ಸರ್ಕಾರಿ ಹೆಸರು ವಾಹನ ಶ್ರವಣ ಘಟಕ. ಹುಣಿಸೆ ಬೀಜಕ್ಕಿಂತ ತುಸು ದೊಡ್ಡದಾದ ಕರಿಯ ಬಿಲ್ಲೆ. ಕಾರು ಬಸ್ಸುಗಳಿಗಾದರೆ ಅಡಿಯಲ್ಲಿ ನಾಲ್ಕು; ಆಟೊಗಳಿಗೆ ಅಡಿಯಲ್ಲಿ ಎರಡು, ಹ್ಯಾಂಡಲ್ಲಿನ ಕಂಬದ ಮೇಲೆ ಒಂದು. ಹಸುವಿನ ಕಿವಿಸಂದಿಯಲ್ಲಿ ಕಚ್ಚಿಕೊಂಡು ರಕ್ತ ಹೀರುವ ಹುಳುವಿನ ನೆನಪಾಗಿ ಜನ ಅದನ್ನು ಉಣ್ಣಿ ಎಂದು ಕರೆದರು. ಹಾಗೆ ಬಾಯಿತುಂಬ ‘ಉಣ್ಣಿ, ಉಣ್ಣಿ’ ಎಂದು ಉಪಚರಿಸಿದ ಮೇಲೆ ಅದು ಉಣ್ಣದೆ ಬಿಡುತ್ತದೆಯೇ? ಗಾಡಿ ಒಂದು ಕಿಲೋಮೀಟರ್ ಓಡಿದರೆ ಒಂದು ತುತ್ತು ಉಣ್ಣುತ್ತಿತ್ತು. ಆ ತುತ್ತಿನಲ್ಲಿ ರಸ್ತೆ ತೆರಿಗೆ, ವಿಮೆ, ಪರೀಕ್ಷೆಯ ಶುಲ್ಕ ಮೂರೂ ಕಲಸಿಹೋಗಿದ್ದವು.

ಅದಕ್ಕೆ ಮುಂಚೆ ಮೂರಕ್ಕೂ ಮೂರು ಬಾಗಿಲು, ಬಾಗಿಲಿಗೊಬ್ಬ ದಲ್ಲಾಳಿ. ದಿನವಿಡೀ ರಸ್ತೆ ಸವೆಸುವ ಗಾಡಿಗೂ ಹೊದಿಕೆ ಹೊದ್ದು ಮನೆ ಮುಂದೆ ಮಲಗಿರುವ ಗಾಡಿಗೂ ಒಂದೇ ತೆರಿಗೆ. ವಿಮೆಯವರು ಗಾಡಿಯ ವಯಸ್ಸು ಕೇಳುತ್ತಿದ್ದರೇ ಹೊರತು ನಡತೆ ಕೇಳುತ್ತಿರಲಿಲ್ಲ. ಇನ್ನು ಯೋಗ್ಯತಾ ಪತ್ರದ ಪರೀಕ್ಷೆಯೆಂದರೆ ಹೆಣ್ಣು ನೋಡುವ ಶಾಸ್ತ್ರ: ಲಾರಿಗೆ ಆವತ್ತು ಸ್ನಾನ, ಬಂಪರಿಗೆ ಬಣ್ಣ, ನಾಲ್ಕು ಗಂಟೆಯ ಮಟ್ಟಿಗೆ ಬಾಡಿಗೆಗೆ ತಂದ ಹೊಸ ಟೈರು. ಗುರುಮಲ್ಲಪ್ಪನವರು ಒಂದೇ ಜೊತೆ ಟೈರಿಗೆ ಒಂದೇ ಬೆಳಿಗ್ಗೆ ಮೂರು ಲಾರಿಗಳ ಮೇಲೆ ನಮಸ್ಕಾರ ಹೇಳಿದ್ದುಂಟು.

‘ಓಡಿದಷ್ಟು’ ಎಂಬ ಹೊಸ ಯೋಜನೆ ಬಂದು ಇದೆಲ್ಲ ನಿಂತಿತು. ಅದರ ಹಿಂದಿನ ವಿಜ್ಞಾನ ಕಷ್ಟದ್ದೇನಲ್ಲ. ಕಬ್ಬಿಣ ಸವೆಯುವಾಗಲೂ ಬಿರುಕು ಬಿಡುವಾಗಲೂ ಸದ್ದು ಮಾಡುತ್ತದೆ, ನಮಗೆ ಕೇಳದಷ್ಟು ಸಣ್ಣಗೆ. ಬೇರಿಂಗಿನದು ಒಂದು ಗೊಣಗಾಟ, ಬ್ರೇಕಿನದು ಒಂದು ನರಳಾಟ. ಉಣ್ಣಿ ಅವನ್ನು ಕೇಳಿ ಕೇಂದ್ರಕ್ಕೆ ಕಳಿಸುತ್ತಿತ್ತು. ಕೇಂದ್ರದ ಯಂತ್ರ ತಾನು ಕಲಿತ ಸಾವಿರಾರು ಸದ್ದುಗಳ ಜೊತೆ ಹೋಲಿಸಿ ಗಾಡಿಯ ಆರೋಗ್ಯ ಹೇಳುತ್ತಿತ್ತು. ಗಾಡಿ ಗಟ್ಟಿಯಾಗಿದ್ದರೆ ತುತ್ತು ಚಿಕ್ಕದು, ದೀಪ ಹಸಿರು. ಕಾಯಿಲೆ ಇದ್ದರೆ ತುತ್ತು ದೊಡ್ಡದು, ದೀಪ ಹಳದಿ. ಪ್ರಾಣಕ್ಕೆ ಎರವಾಗುವ ದೋಷವಾದರೆ ಕೆಂಪು ಚೀಟಿ. ಒಂದೇ ದೋಷಕ್ಕೆ ಮೂರು ಕೆಂಪು ಚೀಟಿ ಬಂದರೆ ಗಾಡಿ ಗುಜರಿಗೆ.

ಜನ ಒಗ್ಗಿಕೊಂಡರು. ಭಾನುವಾರ ಮಾತ್ರ ಕಾರು ತೆಗೆಯುವ ನಿವೃತ್ತ ಮೇಷ್ಟರು ವರ್ಷಕ್ಕೆ ಕಟ್ಟುವುದು ತಮ್ಮ ಕ್ಷೌರದ ಖರ್ಚಿಗಿಂತ ಕಡಿಮೆ ಎಂದು ಲೆಕ್ಕ ಹಾಕಿ ಹಿಗ್ಗಿದರು. ಕಚೇರಿ ಮುಂದಿನ ದಲ್ಲಾಳಿಗಳು ಗ್ರೀಸು ಹಚ್ಚುವ ಅಂಗಡಿ ಇಟ್ಟರು. ಉಣ್ಣಿಗೆ ಎಲ್ಲವೂ ಕೇಳಿಸುತ್ತದೆಂಬ ಗುಮಾನಿಯಿಂದ ಗಂಡ ಹೆಂಡಿರು ಕಾರಿನಲ್ಲಿ ಜಗಳ ಬಿಟ್ಟರು. ಗುರುಮಲ್ಲಪ್ಪನವರ ಶ್ರೀಮತಿ ಸರ್ವಮಂಗಳಮ್ಮನವರು ನಾದಿನಿಯ ವಿಷಯವನ್ನು ಗಾಡಿ ಇಳಿದ ಮೇಲೆಯೇ ಎತ್ತುತ್ತಿದ್ದರು. ಅಪಘಾತಗಳು ನಿಜವಾಗಿಯೂ ಕಡಿಮೆಯಾದವು.

ಉಣ್ಣಿಗೆ ಕೇಳಿಸಿಕೊಳ್ಳಲು ಕಲಿಸಿದವರೇ ಗುರುಮಲ್ಲಪ್ಪ. ಹೆಸರಿನಲ್ಲೇ ಗುರು ಇಟ್ಟುಕೊಂಡವರು ಯಂತ್ರಕ್ಕೂ ಗುರುವಾದರು. ಅವರ ಕಿವಿ ಅಂಥದ್ದು. ಗೇಟಿನಲ್ಲಿ ಬರುತ್ತಿರುವ ಬಸ್ಸಿನ ಎಷ್ಟನೇ ಚಕ್ರದ ಬೇರಿಂಗು ಹೋಗಿದೆಯೆಂದು ಪೇಪರಿನಿಂದ ತಲೆ ಎತ್ತದೆ ಹೇಳುತ್ತಿದ್ದರು. ಕಿವಿಗೆ ತಕ್ಕ ಬಾಯಿ. ಇಲಾಖೆಯ ವಾರ್ಷಿಕೋತ್ಸವದಲ್ಲಿ ಅವರ ಅನುಕರಣೆಯ ಕಾರ್ಯಕ್ರಮ ಕಡ್ಡಾಯ. ಚಳಿಯಲ್ಲಿ ಸ್ಟಾರ್ಟ್ ಆಗದ ಅಂಬಾಸಿಡರು, ಏರಿನಲ್ಲಿ ಗೇರು ಸಿಗದ ಸಿಟಿ ಬಸ್ಸು, ಲಂಚ ಬೇಡವೆನ್ನುತ್ತಲೇ ಜೇಬು ಅಗಲಿಸುವ ಮೇಲಧಿಕಾರಿ. ಆ ಮೇಲಧಿಕಾರಿ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು, ಬೇರೆ ಯಾರನ್ನೋ ಎಂದುಕೊಂಡು.

ನಿವೃತ್ತಿಯ ಮೇಲೂ ಹೂಟಗಳ್ಳಿಯ ಶ್ರವಣ ಕೇಂದ್ರದಲ್ಲಿ ಅವರಿಗೊಂದು ಕುರ್ಚಿ ಉಳಿದಿತ್ತು. ಕೇಂದ್ರದ ಮುಖ್ಯಸ್ಥೆ ವಾಗ್ದೇವಿ, ಅವರ ಮಗಳ ವಯಸ್ಸಿನ ವಿಜ್ಞಾನಿ, ಬಾಗಿಲಿನಲ್ಲಿ ‘ಮೊದಲ ಕಿವಿ: ಶ್ರೀ ಗುರುಮಲ್ಲಪ್ಪ’ ಎಂಬ ಹಿತ್ತಾಳೆ ಫಲಕ ಹಾಕಿಸಿದ್ದಳು. ಕೆಂಪು ಚೀಟಿಯ ವಿರುದ್ಧ ಮೇಲ್ಮನವಿ ಬಂದರೆ ವಿಚಾರಿಸುವ ಮೂವರಲ್ಲಿ ಅವರೂ ಒಬ್ಬರು. ಸೋಮವಾರ ಸೋಮವಾರ ಇಸ್ತ್ರಿ ಅಂಗಿ ಹಾಕಿ ಹೋಗುತ್ತಿದ್ದರು. ಆ ಒಂದು ಅಂಗಿಗಾಗಿ ವಾರದ ಉಳಿದ ಆರು ದಿನ ಬದುಕುತ್ತಾರೆ ಎಂದು ಸರ್ವಮಂಗಳಮ್ಮ ಛೇಡಿಸುತ್ತಿದ್ದರು.

ಆ ಶುಕ್ರವಾರ ಇಬ್ಬರೂ ಲಲಿತಮಹಲ್ ರಸ್ತೆಯ ಮೇಲಿನ ಹೊಸ ಬಡಾವಣೆಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೊರಟಿದ್ದರು. ಆಟೊ ದಸ್ತಗೀರ್ ಸಾಬರದು. ಗುರುಮಲ್ಲಪ್ಪ ಶಾಲೆಗೆ ಹೋಗುತ್ತಿದ್ದುದು ಇವರ ತಂದೆ ಇಮಾಮ್ ಸಾಬರ ಜಟಕಾ ಗಾಡಿಯಲ್ಲಿ. ಆ ಋಣಕ್ಕೆ ಇಂದಿಗೂ ಮಾರುಕಟ್ಟೆಗಾಗಲಿ ಆಸ್ಪತ್ರೆಗಾಗಲಿ ದಸ್ತಗೀರರಿಗೇ ಫೋನು. ಕುದುರೆಯ ಹೆಸರು ಮೋತಿ ಇತ್ತು. ಬ್ಯಾಟರಿ ಆಟೊದ ಬೆನ್ನ ಮೇಲೂ ‘ಮೋತಿ’ ಎಂದೇ ಬರೆಸಿದ್ದರು.

ಮೋತಿ ಆವತ್ತು ಸೈಕಲ್ಲಿಗಿಂತ ನಿಧಾನವಾಗಿ ಹೋಗುತ್ತಿತ್ತು. ತೆಂಗಿನಕಾಯಿ, ಕುಪ್ಪಸದ ಕಣ ಇಟ್ಟ ತಟ್ಟೆಯನ್ನು ತೊಡೆಯ ಮೇಲೆ ಹಿಡಿದಿದ್ದ ಸರ್ವಮಂಗಳಮ್ಮ, ಇವರು ತಲುಪುವಷ್ಟರಲ್ಲಿ ಗೃಹಪ್ರವೇಶವಿರಲಿ, ಮನೆಗೆ ಎರಡನೇ ಸಲ ಸುಣ್ಣ ಹೊಡೆಯುವ ಕಾಲ ಬರುತ್ತದೆಂದರು.

“ನನ್ನ ಕೈಲೇನಿಲ್ಲ ಅಮ್ಮಾವ್ರೇ. ಉಣ್ಣಿ ಲಗಾಮು ಹಾಕ್ಬುಟ್ಟೈತೆ. ಇಪ್ಪತ್ತರ ಮೇಲೆ ಓಡಾಕಿಲ್ಲ” ಎಂದರು ದಸ್ತಗೀರ್.

ಆಮೇಲೆ ಕಥೆಯೆಲ್ಲ ಹೊರಬಂತು. ನಾಲ್ಕು ತಿಂಗಳ ಹಿಂದೆ ಮೊದಲ ಕೆಂಪು ಚೀಟಿ: ಮುಂದಿನ ಚಕ್ರ ಹಿಡಿದಿರುವ ಫೋರ್ಕಿನಲ್ಲಿ ಬಿರುಕು. ಬದಲಾಯಿಸಿದರು. ತಿಂಗಳೊಪ್ಪತ್ತಿನಲ್ಲಿ ಹೊಸ ಫೋರ್ಕಿನಲ್ಲೂ ಬಿರುಕೆಂದು ಎರಡನೇ ಚೀಟಿ. ಮತ್ತೆ ಬದಲಾಯಿಸಿದರು. ಮೆಕ್ಯಾನಿಕ್ ಓಡಿಸಿ ನೋಡಿದರೆ ಹಸಿರು ದೀಪ. ಸಾಬರು ಕೂತರೆ ಹಳದಿ. ಮೆಕ್ಯಾನಿಕ್ಕು, ಗಾಡಿಗೆ ನಿಮ್ಮ ಮೇಲೇ ಕೋಪ, ಒಂದು ನಿಕಾಹ್ ಹಳೆಯದಾದರೆ ಹಿಂಗೇ ಎಂದು ತಮಾಷೆ ಮಾಡಿದ್ದ. ಹೋದ ವಾರ ಮೂರನೇ ಚೀಟಿ ಬಂದಿತ್ತು. ಸೋಮವಾರ ಮೇಲ್ಮನವಿಯ ವಿಚಾರಣೆ. ಅಲ್ಲಿಯವರೆಗೆ ಆಮೆವೇಗ, ಮೂರುಪಟ್ಟು ದರ. ಮನವಿ ಬಿದ್ದುಹೋದರೆ ಮೋತಿ ಗುಜರಿಗೆ. ಐವತ್ತೆಂಟನೇ ವಯಸ್ಸಿನಲ್ಲಿ ಇನ್ನೊಂದು ಆಟೊಗೆ ಯಾರು ಸಾಲ ಕೊಡುತ್ತಾರೆ ಎಂದು ಸಾಬರು ಕೇಳಲಿಲ್ಲ. ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆ ಕರೆದೊಯ್ಯುವ ನಾಲ್ಕು ಜನ ಬೇರೆ ಯಾರ ಗಾಡಿ ಹತ್ತುತ್ತಾರೆ ಎಂದು ಮಾತ್ರ ಕೇಳಿದರು. ವಿಚಾರಣೆಯ ಮೂವರಲ್ಲಿ ಒಬ್ಬರು ತಮ್ಮ ಹಿಂದಿನ ಸೀಟಿನಲ್ಲೇ ಇದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ಸಮಿತಿಯವರ ಹೆಸರನ್ನು ಹೊರಗೆ ಹೇಳುವಂತಿರಲಿಲ್ಲ.

ಗುರುಮಲ್ಲಪ್ಪನವರು ಮುಂದಕ್ಕೆ ಬಾಗಿ ಕಿವಿಗೊಟ್ಟರು. ಫೋರ್ಕು ನಿಶ್ಶಬ್ದ. ಬೇರಿಂಗು ಸಮ. ಎಡಹಿಂಬದಿಯ ಟೈರಿನಲ್ಲಿ ಗಾಳಿ ಒಂದು ಗುಟುಕು ಕಮ್ಮಿ, ಅಷ್ಟೇ. ಹಳೆಯ ಗಾಡಿಗೆ ಇಂಥ ಆರೋಗ್ಯ ಅಪರೂಪ.

ಆಗ ಏರು ಬಂತು.

ದಸ್ತಗೀರ್ ಸಾಬರು ಹ್ಯಾಂಡಲ್ಲಿನ ಮೇಲೆ ಬಾಗಿದರು. ಅವರ ನಾಲಿಗೆ ತನ್ನಷ್ಟಕ್ಕೆ ಅಂಗುಳಿಗೆ ಅಂಟಿ ಬಿಟ್ಟಿತು: ಟ್ಲಕ್. ಟ್ಲಕ್-ಟ್ಲಕ್. ಏರಿನಲ್ಲಿ ಕುದುರೆಯನ್ನು ಹುರಿದುಂಬಿಸುವ ಸದ್ದು. ಅವರ ಗದ್ದಕ್ಕೆ ಒಂದು ಗೇಣು ಕೆಳಗೆ ಹ್ಯಾಂಡಲ್ ಕಂಬಕ್ಕೆ ಕಚ್ಚಿಕೊಂಡಿದ್ದ ಉಣ್ಣಿಯ ದೀಪ ಹಸಿರಿನಿಂದ ಹಳದಿಗೆ ತಿರುಗಿತು.

ಸರ್ವಮಂಗಳಮ್ಮ ತಟ್ಟೆಯ ಮೇಲಿನ ಹೂವನ್ನು ಸರಿಮಾಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಗಂಡನ ಮುಖ ತಟ್ಟೆಯಲ್ಲಿದ್ದ ವೀಳ್ಯದೆಲೆಗಿಂತ ಬಾಡಿದ್ದನ್ನು ಅವರು ನೋಡಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಯೋಜನೆಯ ಉದ್ಘಾಟನೆಗೆ ಹನ್ನೆರಡು ದಿನ ಉಳಿದಿತ್ತು. ಯಂತ್ರಕ್ಕೆ ಒಂದೊಂದು ದೋಷವನ್ನು ಕಲಿಸಲು ಅದರ ಅರವತ್ತು ಅಸಲಿ ಧ್ವನಿಮುದ್ರಣ ಬೇಕು. ಎಲ್ಲ ಸಿಕ್ಕಿದ್ದವು, ಒಂದರ ಹೊರತು. ಆಟೊದ ಮುಂದಿನ ಫೋರ್ಕು ಸೀಳುವ ಮುನ್ನ ಮಾಡುವ ಸದ್ದು. ಅದು ಸೀಳುವುದು ಅಪರೂಪ, ಸೀಳುವ ಮುನ್ನ ಅಲ್ಲಿ ಮೈಕು ಹಿಡಿದು ನಿಂತಿರುವವರು ಇನ್ನೂ ಅಪರೂಪ. ಹನ್ನೊಂದು ಸಿಕ್ಕಿದ್ದವು. ವಾಗ್ದೇವಿಯ ತಂಡದ ಹುಡುಗರು ಊಟ ತಿಂಡಿ ಬಿಟ್ಟು ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಆ ಸದ್ದನ್ನು ಗುರುಮಲ್ಲಪ್ಪನವರು ತಮ್ಮ ನೌಕರಿಯಲ್ಲಿ ಒಂದೇ ಸಲ ಕೇಳಿದ್ದರು. ಸಹಿ ಹಾಕಿದ ಕಾಗದವನ್ನು ಚಾಲಕನ ಕೈಗಿಟ್ಟ ನಿಮಿಷದಲ್ಲೇ ಫೋರ್ಕು ಎರಡಾಗಿ ಅವನ ಮೊಣಕಾಲು ಒಡೆದಿತ್ತು. ಮರೆಯುವ ಸದ್ದಲ್ಲ ಅದು. ತಮ್ಮ ಪರೀಕ್ಷಾ ಮೈದಾನದಿಂದ ಉಳಿದವನ್ನು ತಂದುಕೊಡುತ್ತೇನೆ ಎಂದು ಹುಡುಗರಿಗೆ ಧೈರ್ಯ ಹೇಳಿ ಹೊರಟರು.

ಮೈದಾನಕ್ಕೆ ಹೋಗಲಿಲ್ಲ. ಮನೆಯ ಹಿಂದಿನ ಶೆಡ್ಡಿಗೆ ಹೋದರು. ಗುಜರಿಯಿಂದ ತಂದ ಫೋರ್ಕಿಗೆ ಮೈಕು ಅಂಟಿಸಿ, ಕಬ್ಬಿಣಕ್ಕೆ ಬಾಯಿ ತಾಗಿಸಿ, ನಾಲಿಗೆಯಿಂದ ನಲವತ್ತೊಂಬತ್ತು ಸಲ ಫೋರ್ಕು ಸೀಳಿದರು. ಒಂದು ಏರಿನಲ್ಲಿ, ಒಂದು ಇಳಿಜಾರಿನಲ್ಲಿ, ಒಂದು ನೆನೆದ ರಸ್ತೆಯಲ್ಲಿ, ಒಂದು ಮೂವರು ದಪ್ಪಗಿನವರನ್ನು ಹೊತ್ತು. ಪ್ರತಿಯೊಂದಕ್ಕೂ ಇಲ್ಲದ ಆಟೊದ ನಂಬರು ಬರೆದು, ಅಸಲಿ ಎಂದು ಸಹಿ ಹಾಕಿದರು. ಮೋಸ ಎಂದು ಆಗ ಅನ್ನಿಸಿರಲಿಲ್ಲ. ಕಿವಿ ಕೇಳಿದ್ದನ್ನು ಬಾಯಿ ತಪ್ಪದೆ ಹೇಳುತ್ತದೆ, ಅಸಲಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ ಎಂಬ ಹಮ್ಮು.

ಈಗ ಮೋತಿಯ ಹಿಂದಿನ ಸೀಟಿನಲ್ಲಿ ಅವರಿಗೆ ಅರ್ಥವಾದದ್ದು ಇಷ್ಟು: ಆವತ್ತು ನಾಲಿಗೆ ನೆನೆದದ್ದು ಒಮ್ಮೆ ಕೇಳಿದ ಕಬ್ಬಿಣದ ಸದ್ದನ್ನಲ್ಲ. ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ದಿನಾ ಎರಡು ಹೊತ್ತು ಕೇಳಿ, ತರಗತಿಯಲ್ಲಿ ಮಾಡಿ ತೋರಿಸಿ, ಮೇಷ್ಟರಿಂದ ಕಿವಿ ಹಿಂಡಿಸಿಕೊಂಡು ಕಲಿತಿದ್ದ ಅವರ ಮೊಟ್ಟಮೊದಲ ಅನುಕರಣೆ, ಇಮಾಮ್ ಸಾಬರ ಟ್ಲಕ್-ಟ್ಲಕ್, ಅದೇ ಬಾಯಿಗೆ ಬಂದಿತ್ತು. ಯಂತ್ರಕ್ಕೆ ಅವರು ಕಲಿಸಿದ್ದು ಅಕ್ಷರಶಃ ಬಾಯಿಪಾಠ. ಅಪ್ಪನಿಂದ ಮಗನ ನಾಲಿಗೆಗೆ ಬಂದ ಸದ್ದನ್ನು ಅದು ಏರಿನಲ್ಲಿ ಹಿಡಿದು, ಫೋರ್ಕು ಸೀಳುತ್ತಿದೆ ಎನ್ನುತ್ತಿತ್ತು.

ಗೃಹಪ್ರವೇಶದ ಊಟದಲ್ಲಿ ಅವರು ಹೋಳಿಗೆ ಬೇಡವೆಂದಾಗಲೇ ಸರ್ವಮಂಗಳಮ್ಮನಿಗೆ ಏನೋ ಇದೆ ಎನ್ನಿಸಿತು. ಸಂಜೆ ಮನೆಯಲ್ಲಿ ಕಾಫಿ ಲೋಟ ಮುಂದಿಟ್ಟು, ಏನು ಸಮಾಚಾರ ಎಂದರು. ಗುರುಮಲ್ಲಪ್ಪನವರು ಮುಚ್ಚಿಡದೆ ಹೇಳಿದರು.

“ಅವತ್ತು ಮಧ್ಯಾಹ್ನ ಶೆಡ್ಡಲ್ಲಿ ಒಬ್ರೇ ಜಟಕಾ ಹೊಡೀತಿದ್ರಲ್ಲ, ಅದೇನಾ?”

“ನಿಂಗೆ ಕೇಳಿಸ್ತಾ?”

“ಬೀದಿಗೆಲ್ಲಾ ಕೇಳಿಸ್ತು. ನಿವೃತ್ತಿ ಹತ್ರ ಬಂತು, ತಲೆ ಸ್ವಲ್ಪ ಹಿಂಗಾಗಿರಬೇಕು ಅಂತ ನಾನೇ ಎಲ್ಲರಿಗೂ ಸಮಾಧಾನ ಹೇಳ್ದೆ.”

ಜಟಕಾದ ಸದ್ದೆಂದು ಕೈತೋಟದಲ್ಲಿ ಕರಿಬೇವು ಕೀಳುತ್ತಿದ್ದ ಹೆಂಡತಿಗೆ ಗೊತ್ತಾಗಿತ್ತು. ಕೋಟ್ಯಂತರ ರೂಪಾಯಿಯ ಯಂತ್ರಕ್ಕೂ ಮೈಸೂರಿನ ಮೊದಲ ಕಿವಿಗೂ ಗೊತ್ತಾಗಿರಲಿಲ್ಲ. ಅವರು ನಗಬೇಕೆಂದು ನೋಡಿದರು, ಆಗಲಿಲ್ಲ.

ದಾರಿ ತೋರಿಸಿದವರೂ ಸರ್ವಮಂಗಳಮ್ಮನೇ. ಸಮಿತಿಯಲ್ಲಿ ನೀವೇ ಇದ್ದೀರಿ, ಮೂರನೇ ಚೀಟಿಗೆ ಮಾಫಿ ಬರೆದುಕೊಟ್ಟರೆ ಆ ಸಾಬರ ಗಾಡಿ ಉಳಿಯುತ್ತದೆ, ನಿಮ್ಮ ಮಾನವೂ ಉಳಿಯುತ್ತದೆ. ಏರಿನಲ್ಲಿ ಬಾಯಿ ಮುಚ್ಚಿಕೊಂಡು ಓಡಿಸಿ ಎಂದು ಅವರಿಗೊಂದು ಮಾತು ಹೇಳಿದರಾಯಿತು. ಕೆಟ್ಟ ಉಪಾಯವೇನಲ್ಲ. ಎರಡು ದಿನ ಗುರುಮಲ್ಲಪ್ಪನವರು ಆ ಉಪಾಯವನ್ನು ಬಾಯಲ್ಲಿ ಹೊರಳಿಸಿ ನೋಡಿದರು. ಸೋಮವಾರ ಇಸ್ತ್ರಿ ಅಂಗಿ ಹಾಕಿಕೊಳ್ಳುವಾಗ ಅದನ್ನೇ ಮಾಡುವುದೆಂದು ಗಟ್ಟಿಮಾಡಿಕೊಂಡಿದ್ದರು.

ವಿಚಾರಣೆಯ ಕೋಣೆಯಲ್ಲಿ ಉದ್ದನೆ ಮೇಜು. ನಡುವೆ ವಾಗ್ದೇವಿ, ಆಚೆ ವಿಮೆಯ ಕಡೆಯ ಅಧಿಕಾರಿ, ಈಚೆ ಗುರುಮಲ್ಲಪ್ಪ. ಮೇಜಿನ ಮೇಲೆ ಪರೀಕ್ಷೆಗೆಂದು ಇಟ್ಟ ಒಂದು ಉಣ್ಣಿ, ಗೋಡೆಯ ಮೇಲೆ ಅದರ ಪರದೆ. ದಸ್ತಗೀರ್ ಸಾಬರು ಹೆಗಲ ಮೇಲೆ ಗೋಣಿಚೀಲ ಹೊತ್ತು ಬಂದರು. ಸಮಿತಿಯಲ್ಲಿ ಗುರುಮಲ್ಲಪ್ಪನವರನ್ನು ಕಂಡು ಅವರ ಮುಖದಲ್ಲಿ ಒಂದು ಕ್ಷಣ ಬೆಳಕು ಬಂತು. ಪರಿಚಯ ತೋರಿಸಿದರೆ ಅವರಿಗೆ ಮುಜುಗರವಾದೀತೆಂದು ಮರುಕ್ಷಣವೇ ಅದನ್ನು ಆರಿಸಿ, ಎಲ್ಲರಿಗೂ ಒಂದೇ ಅಳತೆಯ ಸಲಾಮು ಮಾಡಿದರು. ಚೀಲದಿಂದ ಬದಲಾಯಿಸಿದ್ದ ಎರಡು ಫೋರ್ಕುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡರಲ್ಲೂ ಒಂದು ಗೀರು ಸಹ ಇರಲಿಲ್ಲ.

ವಾಗ್ದೇವಿ ಮುದ್ರಣ ಕೇಳಿಸಿದಳು. ಟ್ಲಕ್. ಟ್ಲಕ್-ಟ್ಲಕ್. ಏರಿನಲ್ಲಿ ಮಾತ್ರ, ಭಾರ ಬಿದ್ದಾಗ ಮಾತ್ರ; ಬಿರುಕಿನ ಲಕ್ಷಣವೇ ಅದು ಎಂದಳು. ಕಣ್ಣಿಗೆ ಕಾಣದ ಬಿರುಕು ಇರಬಹುದು, ಯಂತ್ರಕ್ಕೆ ಸುಳ್ಳು ಹೇಳುವ ಲಾಭವೇನಿದೆ ಎಂದರು ವಿಮೆಯವರು. ಗುರುಮಲ್ಲಪ್ಪನವರು ಗಂಟಲು ಸರಿಮಾಡಿಕೊಂಡು ತಾವು ಸಿದ್ಧಮಾಡಿಕೊಂಡು ಬಂದಿದ್ದನ್ನು ಹೇಳಿದರು: ಚಾಲಕರು ಇಪ್ಪತ್ತೆರಡು ವರ್ಷ ಅಪಘಾತ ಮಾಡದವರು, ಎರಡು ಸಲ ಪ್ರಾಮಾಣಿಕವಾಗಿ ಫೋರ್ಕು ಬದಲಾಯಿಸಿದ್ದಾರೆ, ಅನುಮಾನದ ಲಾಭ ಕೊಟ್ಟು ಮೂರನೇ ಚೀಟಿಯನ್ನು ಮಾಫಿ ಮಾಡಬಹುದು. ಅವರ ಮಾತೆಂದರೆ ಕೇಂದ್ರದಲ್ಲಿ ಶಾಸನ. ವಾಗ್ದೇವಿ ಪೆನ್ನು ಎತ್ತಿಕೊಂಡಳು.

“ಒಂದು ನಿಮಿಷ ಮೇಡಂ,” ಎಂದರು ದಸ್ತಗೀರ್. “ನಂಗೆ ಮಾಫಿ ಬ್ಯಾಡ. ಫೋರ್ಕು ಸರಿಯಾಗೈತೋ ಇಲ್ವೋ, ಅಷ್ಟು ಹೇಳ್ಬುಡಿ. ನಿಜವಾಗ್ಲೂ ಸೀಳ್ತಾ ಇದ್ರೆ ನಾನೇ ಗುಜರಿಗೆ ತಗೊಂಡೋಯ್ತೀನಿ. ಡಯಾಲಿಸಿಸ್ ಮಾಡಿಸ್ಕೊಂಡು ಬರೋರು ಸ್ವಾಮಿ, ಕೂರಾಕೂ ತ್ರಾಣ ಇರಾಕಿಲ್ಲ. ನನ್ನ ಹೊಟ್ಟೆಪಾಡಿಗೆ ಅವರನ್ನ ಮುರುಕಲು ಗಾಡೀಲಿ ಕೂರ್ಸಾಕಾಯ್ತದಾ?” ಆಮೇಲೆ ಗುರುಮಲ್ಲಪ್ಪನವರ ಕಡೆ ತಿರುಗಿ ಮೆಲ್ಲಗೆ ಸೇರಿಸಿದರು: “ನೀವೇ ಹೇಳಿ ಇನ್ಸ್‌ಪೆಕ್ಟ್ರೇ. ನಿಮ್ಮ ಕಿವಿ ಏನನ್ನತ್ತೋ ಅದೇ ನಂಗೆ ಕಡೇ ಮಾತು.”

ಮೂವತ್ತೊಂದು ವರ್ಷದಲ್ಲಿ ಎಷ್ಟೋ ಜನ ಅವರ ಸಹಿ ಕೇಳಿದ್ದರು. ನಿಜ ಕೇಳಿದವರು ಇವರೊಬ್ಬರೇ.

ಗುರುಮಲ್ಲಪ್ಪನವರು ಎದ್ದರು. ಮೇಜಿನ ಮೇಲಿನ ಉಣ್ಣಿಯನ್ನು ತೆಗೆದು ಸಾಬರ ಹಳೆಯ ಫೋರ್ಕಿಗೆ ಅಂಟಿಸಿದರು. ಬಾಗಿ, ಕಬ್ಬಿಣದ ಹತ್ತಿರ ಬಾಯಿ ತಂದು ನಾಲಿಗೆಯನ್ನು ಅಂಗುಳಿನಿಂದ ಬಿಡಿಸಿದರು. ಟ್ಲಕ್. ಟ್ಲಕ್-ಟ್ಲಕ್.

ಗೋಡೆಯ ಪರದೆ ಕೆಂಪಾಯಿತು. ‘ಮುಂಗಾಲಿ ಫೋರ್ಕ್: ಬಿರುಕು. ಖಚಿತತೆ ನೂರಕ್ಕೆ ತೊಂಬತ್ತೆಂಟು.’

ವಿಮೆಯವರು ಮೇಜಿನ ಕೆಳಗೆ ಬಗ್ಗಿ ನೋಡಿದರು, ಅಲ್ಲಿ ಯಾರಾದರೂ ಆಟೊ ನಿಲ್ಲಿಸಿರಬಹುದೇ ಎಂಬಂತೆ.

“ಈಗ ನೀವು ಮಾಡಿ ಸಾಬರೇ. ಏರಿನಲ್ಲಿ ಮಾಡ್ತೀರಲ್ಲ, ಅದು.”

ಏರಿನಲ್ಲಿ ತಾವು ಏನು ಮಾಡುತ್ತಾರೆಂಬುದೇ ದಸ್ತಗೀರರಿಗೆ ತಿಳಿದಿರಲಿಲ್ಲ. ಉಸಿರಾಡುವುದನ್ನು ಯಾರು ಲೆಕ್ಕ ಇಡುತ್ತಾರೆ? ಹ್ಯಾಂಡಲ್ ಹಿಡಿದಂತೆ ಕೈ ಮುಂದೆ ಮಾಡಿ, ಕಣ್ಣು ಮುಚ್ಚಿ, ಲಲಿತಮಹಲ್ ರಸ್ತೆಯನ್ನು ನೆನೆದುಕೊಂಡ ಮೇಲೆ ನಾಲಿಗೆ ತಾನೇ ಹೊರಳಿತು. ಪರದೆ ಮತ್ತೆ ಕೆಂಪಾಯಿತು. ತೊಂಬತ್ತೊಂದು. ನಕಲಿಗಿಂತ ಅಸಲಿಗೆ ಏಳು ಅಂಕ ಕಡಿಮೆ. ಯಂತ್ರ ಕಲಿತದ್ದು ನಕಲಿನಿಂದಲೇ ಅಲ್ಲವೇ.

ಗುರುಮಲ್ಲಪ್ಪನವರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಶೆಡ್ಡು, ಗುಜರಿ ಫೋರ್ಕು, ಇಲ್ಲದ ನಂಬರುಗಳು, ನಲವತ್ತೊಂಬತ್ತು ಸಹಿಗಳು. ಯಂತ್ರಕ್ಕೆ ಇರುವುದು ಶ್ರವಣದೋಷ, ಅದಕ್ಕೆ ಕಾರಣ ಮೊದಲ ಕಿವಿಯ ದುರಹಂಕಾರ ಎಂದು ಮುಗಿಸಿದರು.

ವಾಗ್ದೇವಿ ರೇಗಲಿಲ್ಲ. ರೇಗಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿ, ಓದಿದಳು: ಫೋರ್ಕಿನ ಬಿರುಕೆಂದು ರಾಜ್ಯದಲ್ಲಿ ಕೆಂಪು ಚೀಟಿ ಪಡೆದ ಆಟೊಗಳು ಮುನ್ನೂರ ಹದಿನಾಲ್ಕು. ಗುಜರಿಗೆ ಹೋಗಿದ್ದು ಇಪ್ಪತ್ತಾರು. ಹೆಚ್ಚಿನವು ಮೈಸೂರು, ಶ್ರೀರಂಗಪಟ್ಟಣ, ಚನ್ನಪಟ್ಟಣದ ಕಡೆಯವು, ಹಿಂದೆ ಜಟಕಾ ಓಡುತ್ತಿದ್ದ ಊರುಗಳವು.

“ಇದು ತಪ್ಪಾಗಿ ಕೇಳಿಸಿಕೊಂಡದ್ದು ಸರ್. ಕೇಳಿಸಿಕೊಳ್ಳದೆ ಬಿಟ್ಟದ್ದು ಎಷ್ಟಿರಬಹುದು? ನಿಜವಾಗಿ ಸೀಳ್ತಿರೋ ಫೋರ್ಕು, ಹಸಿರು ದೀಪ ಹಾಕ್ಕೊಂಡು ಓಡಾಡ್ತಿರೋದು?”

ಗುರುಮಲ್ಲಪ್ಪನವರಿಗೆ ಸಹಿ ಹಾಕಿದ ಕಾಗದ ಹಿಡಿದು ಮೊಣಕಾಲು ಒಡೆದುಕೊಂಡ ಚಾಲಕನ ಮುಖವಲ್ಲ, ಅವನ ಕೈಯ ಕಾಗದ ಕಣ್ಣಿಗೆ ಕಟ್ಟಿತು.

ಆವತ್ತೇ ಫೋರ್ಕಿನ ತೀರ್ಪುಗಳನ್ನೆಲ್ಲ ತಡೆಹಿಡಿದರು. ಮೋತಿಯ ಲಗಾಮು ಸಂಜೆಗೆ ಬಿಟ್ಟಿತು. ರಾಜ್ಯದ ಅಷ್ಟೂ ಆಟೊಗಳ ಫೋರ್ಕನ್ನು ಬಿರುಕು ತೋರಿಸುವ ಬಣ್ಣದ ದ್ರಾವಣ ಹಚ್ಚಿ ಕಣ್ಣಿನಿಂದಲೇ ನೋಡಬೇಕೆಂದು ಆಜ್ಞೆಯಾಯಿತು. ಹಳೆಯ ನಿರೀಕ್ಷಕರು ಮತ್ತೆ ಬಿಸಿಲಿಗೆ ಇಳಿದರು. ಏಳು ಗಾಡಿಗಳಲ್ಲಿ ನಿಜವಾದ ಬಿರುಕು ಸಿಕ್ಕಿತು. ಏಳರ ದೀಪವೂ ಹಸಿರಿತ್ತು. ಗಾಡಿ ಗುಜರಿಗೆ ಹೋದ ಇಪ್ಪತ್ತಾರು ಮಂದಿಗೆ ಹೊಸ ಆಟೊ ಕೊಡಬೇಕಾಯಿತು. ಗುರುಮಲ್ಲಪ್ಪನವರ ಮೇಲೆ ವಿಚಾರಣೆ ನಡೆದು ಕುರ್ಚಿ ಹೋಯಿತು, ಪಿಂಚಣಿಯಲ್ಲಿ ಒಂದು ಪಾಲು ಹೋಯಿತು. ಹಿತ್ತಾಳೆ ಫಲಕ ತೆಗೆದ ಜಾಗದಲ್ಲಿ ನಾಲ್ಕು ತೂತು ಉಳಿದವು. ಬೀದಿಯ ಹುಡುಗರು ಅವರನ್ನು ಕಂಡರೆ ಟ್ಲಕ್ ಎನ್ನುತ್ತಿದ್ದರು. ಒಳ್ಳೆಯ ಅನುಕರಣೆ ಎಂದು ಅವರಿಗೇ ಅನ್ನಿಸುತ್ತಿತ್ತು.

ಇಸ್ತ್ರಿ ಅಂಗಿ ಬೀರುವಿನಲ್ಲೇ ಇತ್ತು. ಒಂದು ವಾರ ಕಳೆದ ಮೇಲೆ ಸರ್ವಮಂಗಳಮ್ಮನೇ ಅದನ್ನು ಹೊರತೆಗೆದು, ಸೋಮವಾರ ಬಂತು, ಎಲ್ಲಿಗಾದರೂ ಹೋಗಿ ಎಂದರು. ಅವರು ವಾಗ್ದೇವಿಯ ಹತ್ತಿರ ಹೋಗಿ ಒಂದು ಧ್ವನಿಮುದ್ರಣ ಯಂತ್ರ ಕೇಳಿದರು. ಕೆಲಸ ಬೇಡ, ಸಂಬಳ ಬೇಡ, ನಲವತ್ತೊಂಬತ್ತು ಅಸಲಿ ಸದ್ದು ಬಾಕಿ ಇದೆ, ತಂದುಕೊಡುತ್ತೇನೆ ಎಂದರು. ಅವಳು ಯಂತ್ರ ಕೊಟ್ಟಳು. ಅದರ ಜೊತೆಗೆ ಪ್ರತಿ ಮುದ್ರಣಕ್ಕೂ ಸಾಕ್ಷಿಯೊಬ್ಬರ ಸಹಿ ಬೇಕೆಂಬ ನಮೂನೆಯನ್ನೂ ಕೊಟ್ಟಳು. ಸಾಕ್ಷಿ ದಸ್ತಗೀರ್ ಸಾಬರಾದರು. ಡಯಾಲಿಸಿಸ್ಸಿನವರನ್ನು ಬಿಟ್ಟು ಬಂದ ಮೇಲೆ ಮೋತಿಯಲ್ಲಿ ಇಬ್ಬರೂ ಗ್ಯಾರೇಜುಗಳನ್ನು ಸುತ್ತುತ್ತಿದ್ದರು. ಮುದುಕ ಆಟೊಗಳನ್ನು ಬೇಡಿ ತಂದು, ಕೇಂದ್ರದ ಅಲುಗಾಡುವ ಪೀಠದ ಮೇಲೆ ಕಟ್ಟಿ, ಫೋರ್ಕು ಸೀಳುವವರೆಗೆ ಎದುರು ಕೂತು ಕಾಯುತ್ತಿದ್ದರು. ಕೆಲವು ಗಾಡಿಗಳು ಒಂದು ದಿನ ಕಾಯಿಸಿದವು, ಕೆಲವು ಹದಿನೈದು ದಿನ.

ಮೊದಲ ಅಸಲಿ ಸದ್ದು ಬಂದಾಗ ಗುರುಮಲ್ಲಪ್ಪನವರು ತಲೆ ತಗ್ಗಿಸಿದರು. ಅದು ಟ್ಲಕ್ ಆಗಿರಲಿಲ್ಲ. ಒಣಗಿದ ಬಟ್ಟೆ ಹರಿದಂಥ, ಒಂದು ಸಣ್ಣ, ನಾಚಿಕೆಯ ಸದ್ದು.

ಎಂಟು ತಿಂಗಳು ಹಿಡಿಯಿತು. ತಿದ್ದಿದ ಪಾಠ ಎಲ್ಲ ಉಣ್ಣಿಗಳಿಗೂ ತಲುಪಿದ ದಿನ ಮಧ್ಯಾಹ್ನ ಇಬ್ಬರೂ ಲಲಿತಮಹಲ್ ರಸ್ತೆಗೆ ಬಂದರು. ಏರು ಶುರುವಾಯಿತು. ದಸ್ತಗೀರ್ ಸಾಬರು ತುಟಿ ಬಿಗಿದು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಸೆಟೆದು ಓಡಿಸುತ್ತಿದ್ದರು. ಎಂಟು ತಿಂಗಳಿಂದ ಅವರು ಏರುಗಳನ್ನೆಲ್ಲ ಹೀಗೆ ಹತ್ತುತ್ತಿದ್ದರು. ಗಾಡಿ ತನ್ನ ಮಾತೇ ಕೇಳುತ್ತಿಲ್ಲ ಅನ್ನಿಸುತ್ತದೆ ಎಂದು ಒಮ್ಮೆ ಹೇಳಿದ್ದರು.

“ಹೊಡೀರಿ ಸಾಬರೇ,” ಎಂದರು ಗುರುಮಲ್ಲಪ್ಪ.

“ಬ್ಯಾಡ ಇನ್ಸ್‌ಪೆಕ್ಟ್ರೇ. ಭಯ ಆಯ್ತದೆ. ನೀವೇ ಒಂದಪ ಹೊಡ್ದು ನೋಡಿ.”

ಗುರುಮಲ್ಲಪ್ಪನವರು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ಉಣ್ಣಿಯ ಹತ್ತಿರ ಬಾಯಿ ತಂದರು. ಟ್ಲಕ್. ಟ್ಲಕ್-ಟ್ಲಕ್. ದೀಪ ಹಸಿರಾಗಿಯೇ ಇತ್ತು.

ದಸ್ತಗೀರ್ ಸಾಬರು ದೀಪವನ್ನು ನೋಡಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕೇಳಿದ್ದನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತಿದ್ದರು.

“ನೀವು ತಪ್ಪು ತಿಳ್ಕೋಬಾರ್ದು,” ಎಂದರು ಕೊನೆಗೆ. “ಅಬ್ಬಾಜಾನ್ ಹಂಗೆ ಹೊಡೀತಿರ್ಲಿಲ್ಲ. ಎರಡನೇದು ಸ್ವಲ್ಪ ಎಳೀಬೇಕು.”

ಹ್ಯಾಂಡಲ್ಲಿನ ಮೇಲೆ ಬಾಗಿ ಮಾಡಿ ತೋರಿಸಿದರು. ಗುರುಮಲ್ಲಪ್ಪನವರು ಕಿವಿಯ ಹಿಂದೆ ಕೈ ಇಟ್ಟು, ಇನ್ನೊಂದು ಸಲ ಎಂದರು. ಸಾಬರು ಇನ್ನೊಂದು ಸಲ ಹೊಡೆದರು, ಮತ್ತೊಂದು ಸಲ ಹೊಡೆದರು. ಮೋತಿ ಏರು ಹತ್ತಿತು.